ದೇರೆಬೈಲಿನ ಉಪ್ಪರಿಗೆಯ ರೈಲು

ಮೊನ್ನೆ ರವಿಕೆ ತರಲೆಂದು ದರ್ಜಿಯ ಅಂಗಡಿಗೆ ಹೋಗಿದ್ದೆ. ಅವನು ಇನ್ನೂ ಹುಕ್ಕು ಹಾಕಿರಲಿಲ್ಲ. “ಐದು ನಿಮಿಷ ಟೀಚರ್, ಕೂತ್ಕೊಳ್ಳಿ” ಎಂದ. ದರ್ಜಿಗಳ ಐದು ನಿಮಿಷ ಎಷ್ಟು ಉದ್ದ ಎಂಬುದು ನಿಮಗೂ ಗೊತ್ತಿರಬಹುದು. ಸ್ಟೂಲಿನ ಮೇಲೆ ಕುಳಿತೆ. ಅವನು ಮೆಷಿನ್ನನ್ನು ಹಿಂದಕ್ಕೆ ಮಗುಚಿ ಸಣ್ಣ ಮೂತಿಯ ಡಬ್ಬಿಯಿಂದ ಅಲ್ಲಲ್ಲಿಗೆ ಒಂದೊಂದು ಹನಿ ಎಣ್ಣೆ ಬಿಟ್ಟ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ರವಿಕೆಯನ್ನೂ ದರ್ಜಿಯನ್ನೂ ಮರೆತೆ. ಹೊಲಿಗೆ ಮೆಷಿನ್ನಿನ ಎಣ್ಣೆ ಎಂದರೆ ಉಳಿದವರಿಗೆ ಅವರವರ ಅಮ್ಮನೋ ಚಿಕ್ಕಮ್ಮನೋ ನೆನಪಾಗುತ್ತಾರೆ. ನನಗೆ ನೆನಪಾಗುವುದು ಸದಾನಂದಣ್ಣ, ಮತ್ತು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಒಂದು ರೈಲು ಇಂಜಿನ್.

ನಾವು ದೇರೆಬೈಲಿಗೆ ಬಂದ ಹೊಸತರ ಮಾತು. ಪಕ್ಕದ ಹಂಚಿನ ಮನೆಯಲ್ಲಿ ಕುಸುಮಕ್ಕ ಮತ್ತು ಅವರ ತಮ್ಮ ಸದಾನಂದಣ್ಣ ಇದ್ದರು. ಅವರಲ್ಲಿ ಮನೆ, ಗದ್ದೆ ಎಲ್ಲ ಹೆಣ್ಣುಮಕ್ಕಳ ಕಡೆಯಿಂದ ಬರುವುದಾದ್ದರಿಂದ ಅಕ್ಕನ ಮನೆಯ ಉಪ್ಪರಿಗೆಯಲ್ಲಿ ತಮ್ಮ ಇರುವುದು ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ. ಗದ್ದೆ ಕೈಬಿಟ್ಟು ಬಹಳ ಕಾಲವಾಗಿತ್ತು. ಸದಾನಂದಣ್ಣ ಪ್ರಾಯವನ್ನೆಲ್ಲ ಗಲ್ಫಿನಲ್ಲಿ ಏಸಿ ರಿಪೇರಿ ಮಾಡುತ್ತ ಕಳೆದು, ಮದುವೆಯಾಗದೆ, ಮಾತು ಕಡಿಮೆ ಮಾಡಿಕೊಂಡು ಊರಿಗೆ ಬಂದಿದ್ದರು.

ಒಂದು ಮಧ್ಯಾಹ್ನ ಬಟ್ಟೆ ಒಣಗಿಸುತ್ತಿದ್ದಾಗ ರೈಲಿನ ಹಾರ್ನ್ ಕೇಳಿಸಿತು. ದೂರದ್ದಲ್ಲ, ತೀರಾ ಹತ್ತಿರ, ನೆತ್ತಿಯ ಮೇಲೆ. ನಮ್ಮ ಕಡೆ ರೈಲು ಹಳಿಯೇ ಇಲ್ಲವಲ್ಲ! ಕಂಪೌಂಡ್ ಗೋಡೆಯಾಚೆ ಕುಸುಮಕ್ಕ ಕಂಡರು. ಕೇಳಿದೆ.

“ಅದು ನಮ್ಮ ಸದಾನಂದಂದು. ಮೇಲೆ ಎಂತದೋ ಮಾಡ್ತಾ ಇರ್ತಾನೆ. ನಿಮ್ಗೆ ಉಪದ್ರ ಆಗ್ತದಾ?”

ಅಷ್ಟರಲ್ಲಿ ಉಪ್ಪರಿಗೆಯ ಕಿಟಕಿಯಲ್ಲಿ ಅವರೇ ತಲೆ ಹಾಕಿದರು. “ಮೇಲೆ ನನ್ನದೊಂದು ಲೇಔಟ್ ಉಂಟು ಟೀಚರ್. ಪುರುಸೊತ್ತಾದಾಗ ಬಂದು ನೋಡಿ.”

ಗಂಡನಿಗೆ ಹೇಳಿದೆ. ನಮ್ಮೂರಿನಲ್ಲಿ ಲೇಔಟ್ ಎಂದರೆ ಒಂದೇ ಅರ್ಥ ತಾನೆ. “ಕಾರ್ನರ್ ಸೈಟ್ ಉಂಟಾ ಕೇಳು” ಎಂದರು. ನಾನು ಮರುದಿನ ಉಪ್ಪರಿಗೆಯ ಮೆಟ್ಟಿಲು ಹತ್ತಿದ್ದು ಅದೇ ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು.

ಬಾಗಿಲು ತೆರೆದರೆ ಕೋಣೆಯ ನಾಲ್ಕೂ ಗೋಡೆಗೆ ಒರಗಿಕೊಂಡು ಸೊಂಟದೆತ್ತರದಲ್ಲಿ ಪ್ಲೈವುಡ್ಡಿನ ಮೇಜು. ಅದರ ಮೇಲೆ ಒಂದು ಊರು. ಮಧ್ಯಕ್ಕೆ ಹೋಗಬೇಕಾದರೆ ಮೇಜಿನ ಅಡಿಯಿಂದ ನುಸುಳಬೇಕು. ನುಸುಳಿ ಎದ್ದೆ, ಸ್ವಲ್ಪ ಬೇಗ ಎದ್ದೆ. ತಲೆ ಒಂದು ಸುರಂಗದ ಅಡಿಗೆ ಬಡಿಯಿತು. “ಎಲ್ರಿಗೂ ಬಡೀತದೆ” ಎಂದು ಸದಾನಂದಣ್ಣ ಸಮಾಧಾನ ಹೇಳಿ, ಸುರಂಗಕ್ಕೆ ಏನಾದರೂ ಆಯಿತೇ ಎಂದು ನೋಡಿದರು.

ಆಮೇಲೆ ನನಗೆ ಸೈಟಿನ ನೆನಪಾಗಲಿಲ್ಲ. ಹಿತ್ತಿಲಿನ ಕೆಂಪು ಮಣ್ಣನ್ನು ಚಹಾ ಸೋಸುವ ಜರಡಿಯಲ್ಲಿ ಜರಡಿ ಹಿಡಿದು ನೆಲ ಮಾಡಿದ್ದರು. ತೆಂಗಿನ ನಾರಿಗೆ ಹಸಿರು ಬಳಿದು ಮರ. ಥರ್ಮೋಕೋಲ್ ಕೊರೆದು, ಮೇಲೆ ಪ್ಲಾಸ್ಟರ್ ಬಳಿದು ಘಾಟಿ. ರಟ್ಟು ಮಡಚಿ ಮಾಡಿದ ಹಂಚಿನ ಮಾಡುಗಳು ಉಗುರಿನಷ್ಟಗಲ. ಗಲ್ಫಿನಿಂದ ತಂದದ್ದು ಇಂಜಿನ್, ಬೋಗಿ, ಹಳಿ ಮಾತ್ರ. ಉಳಿದದ್ದೆಲ್ಲ ಇಲ್ಲಿನ ಕಸದಿಂದ ಹುಟ್ಟಿದ್ದು. ಅವರು ಸೂಜಿಯ ತುದಿಯಲ್ಲಿ ಒಂದು ಹನಿ ಎಣ್ಣೆ ಹಿಡಿದು ಇಂಜಿನ್ನಿನ ಹೊಟ್ಟೆಗೆ ಕುಡಿಸಿ, ಕರೆಂಟಿನ ಪೆಟ್ಟಿಗೆಯ ಗುಬ್ಬಿ ತಿರುಗಿಸಿದರು. ರೈಲು ಹೊರಟಿತು. ಘಾಟಿ ಹೊಕ್ಕಿತು, ಹೊರಬಂತು, ಒಂದು ಹೆಸರಿಲ್ಲದ ಸ್ಟೇಷನ್ನಿನಲ್ಲಿ ನಿಂತಿತು.

“ಇದು ಯಾವ ಸ್ಟೇಷನ್?”

“ಹೆಸರಿಡ್ಲಿಲ್ಲ. ಇಟ್ರೆ ಮತ್ತೆ ಎಲ್ರೂ ತಪ್ಪು ಹುಡುಕ್ತಾರೆ, ಅಲ್ಲಿ ಕ್ಯಾಂಟೀನು ಈ ಬದಿ ಅಲ್ಲ ಆ ಬದಿ ಅಂತ.”

“ರೈಲು ಎಲ್ಲಿಗೆ ಹೋಗ್ತದೆ?”

“ಎಲ್ಲಿಗೂ ಇಲ್ಲ. ಸುತ್ತು ಹೊಡೆದು ನನ್ನ ಹತ್ರವೇ ಬರ್ತದೆ.”

ಅದರಿಂದ ಏನು ಪ್ರಯೋಜನ ಎಂದು ಕೇಳಬೇಕೆಂದಿದ್ದೆ. ಆದರೆ ಘಾಟಿಯ ಕೆಳಗೆ ಒಂದು ಕಡೆ ಬರಿಯ ಪ್ಲೈವುಡ್ ಕಾಣುತ್ತಿತ್ತು. ಅಲ್ಲಿ ಏನು ಬರುತ್ತದೆ ಎಂದು ಕೇಳಿಬಿಟ್ಟೆ. ಕುತೂಹಲ ಎಂಬುದು ಹೀಗೆಯೇ, ದೊಡ್ಡ ಪ್ರಶ್ನೆಯನ್ನು ಬದಿಗೆ ತಳ್ಳಿ ಸಣ್ಣ ಪ್ರಶ್ನೆಯ ಬೆನ್ನು ಹತ್ತುತ್ತದೆ.

“ನದಿ” ಎಂದರು ಸದಾನಂದಣ್ಣ. “ನಂಗೆ ನೀರು ಮಾಡ್ಲಿಕ್ಕೆ ಬರುದಿಲ್ಲ.”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ನೀರು ಮಾಡುವುದು ನನಗೆ ಬಿಡಿ ಎಂದೆ.

ಅಲ್ಲಿಂದ ಭಾನುವಾರಗಳೆಲ್ಲ ಉಪ್ಪರಿಗೆಗೆ ಹೋದವು. ನನಗಿಂತ ಮೊದಲೇ ಅಲ್ಲಿಗೆ ಬರುತ್ತಿದ್ದವನು ಲೋಕೇಶ. ಬೆಂಗರೆಯ ಮೀನುಗಾರರ ಮನೆಯವನು, ಬೋಟುಗಳ ಇಂಜಿನ್ ರಿಪೇರಿ ಅವನ ಕೆಲಸ. ರೈಲಿನ ಹುಚ್ಚರ ಮೊಬೈಲ್ ಗುಂಪೊಂದರಲ್ಲಿ ಸದಾನಂದಣ್ಣನಿಗೆ ಪರಿಚಯವಾದವನು. ಮೇಜಿನ ಅಡಿಯ ವಯರುಗಳೆಲ್ಲ ಅವನದೇ. “ನಮ್ಮ ಮನೆಯಲ್ಲಿ ಎಲ್ರೂ ಕಡಲು ನೋಡುವವರು ಟೀಚರ್, ನನ್ನ ಅಮ್ಮನಿಗೆ ನನ್ನದೇ ಬೇಜಾರು” ಎನ್ನುತ್ತಿದ್ದ.

ನಮ್ಮ ಹವಾಮಾನ ಈ ಹವ್ಯಾಸಕ್ಕೆ ಹೇಳಿ ಮಾಡಿಸಿದ್ದಲ್ಲ. ಕಡಲ ಗಾಳಿಗೆ ಹಳಿಗಳು ಮಂಕಾಗುತ್ತವೆ. ಮಂಕಾದರೆ ಕರೆಂಟು ದಾಟುವುದಿಲ್ಲ. ರೈಲು ಬಿಡುವ ಮೊದಲು ಮೂವರೂ ಮೂರು ಬಟ್ಟೆ ಹಿಡಿದು ಇಡೀ ಹಳಿಯನ್ನು ಒರೆಸಬೇಕು. ಮಳೆಗಾಲದಲ್ಲಿ ಒರೆಸುವುದೇ ಹವ್ಯಾಸ, ರೈಲು ನೆಪ. ಇಂಥ ಮಳೆಗಾಲದಲ್ಲಿ ನಾನು ನದಿ ಸುರಿದೆ. ಎರಡು ದ್ರವ ಬೆರೆಸಿ ಹೊಯ್ದರೆ ಗಾಜಿನಂತೆ ಗಟ್ಟಿಯಾಗುತ್ತದೆ ಎಂದು ಬೋರ್ಡಿನ ಮುಂದೆ ನಿಂತಂತೆ ವಿವರಿಸಿಯೂ ಬಿಟ್ಟೆ. ಒಂದು ವಾರ ಕಳೆಯಿತು, ಎರಡು ಕಳೆಯಿತು. ಮಳೆಹುಳಗಳು ರೆಕ್ಕೆ ಸಮೇತ ಬಂದು ಅದರಲ್ಲಿ ಕೂತವು. ಒಂದು ಹಲ್ಲಿ ದಡದಿಂದ ದಡಕ್ಕೆ ನಡೆದುಹೋಯಿತು.

“ಟೀಚರ್, ನದಿ ಅಂಟ್ತದೆ” ಎಂದ ಲೋಕೇಶ, ಬೆರಳು ನೋಡಿಕೊಳ್ಳುತ್ತ.

“ಇರ್ಲಿ ಮಾರಾಯ, ಒಣಗ್ಲಿಕ್ಕೆ ಅದು ಹಪ್ಪಳವಾ?” ಎಂದರು ಸದಾನಂದಣ್ಣ. ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಮಳೆ ಬಿಡುವ ಮೊದಲೇ ಸುದ್ದಿ ಬಂತು. ಮನೆಯ ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಇನ್ನೊಂದು ಮಳೆಗಾಲ ತಡೆಯುವಂತಿರಲಿಲ್ಲ. ಕುಸುಮಕ್ಕ ಮತ್ತು ಅವರ ಮಗಳು ಯೋಚಿಸಿ, ಮನೆ ಕೆಡವಿ ಅಲ್ಲಿ ಕಟ್ಟಡ ಏಳಿಸಲು ಒಪ್ಪಿದರು. ಅಕ್ಕ-ತಮ್ಮ ಬಿಕರ್ನಕಟ್ಟೆಯ ಒಂದು ಫ್ಲ್ಯಾಟಿಗೆ ಹೋಗುವುದು ಎಂದಾಯಿತು.

ಆಮೇಲೆ ನೋಡಿದರೆ ಲೇಔಟು ಬಾಗಿಲಲ್ಲಿ ಹಿಡಿಯುವುದಿಲ್ಲ. ಪ್ಲೈವುಡ್ಡನ್ನು ಬಿಡಿ ಹಾಳೆಯಾಗಿ ಕಿಟಕಿಯಿಂದ ಹಗ್ಗ ಕಟ್ಟಿ ಎಳೆದು, ಒಳಗೇ ಜೋಡಿಸಿದ್ದರಂತೆ. ಹೊರಗೆ ತರುವ ಕಾಲ ಬರುತ್ತದೆ ಎಂದು ಅವರಿಗೆ ಹೊಳೆದಿರಲೇ ಇಲ್ಲ. ಹೊಳೆದಿದ್ದರೂ ಫ್ಲ್ಯಾಟಿನಲ್ಲಿ ಅಷ್ಟು ದೊಡ್ಡ ಕೋಣೆ ಇರಲಿಲ್ಲ.

“ನೀವೇ ಒಮ್ಮೆ ಮಾತಾಡಿ ಟೀಚರ್” ಎಂದರು ಕುಸುಮಕ್ಕ. “ನಾನು ಕೇಳಿದ್ರೆ ಆಯ್ತು ಆಯ್ತು ಅಂತಾನೆ, ಮೇಲೆ ಹೋಗಿ ಬಾಗಿಲು ಹಾಕಿಕೊಳ್ತಾನೆ. ಮನೆ ಬೀಳುದಕ್ಕಿಂತ ನಂಗೆ ಇದರದ್ದೇ ಚಿಂತೆ.”

ಭಾನುವಾರ ನಾವು ಹೋದಾಗ ಸದಾನಂದಣ್ಣ ಊರಿಗೆಲ್ಲ ಹಳೆಯ ಬೆಡ್‌ಶೀಟು ಹೊದೆಸಿ ಕುಳಿತಿದ್ದರು. ಇಂಜಿನ್ ಮಾತ್ರ ಕೈಯಲ್ಲಿತ್ತು.

“ಬಿಟ್ಟು ಹೋಗುದು. ಮನೆಯ ಒಟ್ಟಿಗೇ ಜೆಸಿಬಿಗೆ ಹೋಗ್ಲಿ” ಎಂದರು.

“ತುಂಡು ಮಾಡಿ ತಗೊಂಡು ಹೋಗುವ ಸದಾನಂದಣ್ಣ” ಎಂದ ಲೋಕೇಶ. “ನಾಲ್ಕು ತುಂಡು ಮಾಡಿದ್ರೆ ಬಾಗಿಲಲ್ಲಿ ಹೋಗ್ತದೆ.”

ಅವರಿಗೆ ಸಿಟ್ಟು ಬಂತು. ಅಷ್ಟು ಮೆತ್ತಗಿನ ಮನುಷ್ಯನಿಗೆ ಸಿಟ್ಟು ಬಂದರೆ ಎಲ್ಲಿ ನೋಡುವುದೆಂದು ನಮಗೆ ತಿಳಿಯಲಿಲ್ಲ. “ಗರಗಸ ಹಾಕ್ತಿಯಾ ಇದಕ್ಕೆ? ಮೊದ್ಲು ನಿನ್ನ ಅಪ್ಪನ ಬೋಟಿಗೆ ಹಾಕು, ಮತ್ತೆ ಇಲ್ಲಿಗೆ ಬಾ!”

ಲೋಕೇಶ ತಲೆ ತಗ್ಗಿಸಿಕೊಂಡೇ ಹೇಳಿದ. “ಹಾಕಿದ್ದೇವೆ ಸದಾನಂದಣ್ಣ. ಅಪ್ಪ ಹೋದ ಮೇಲೆ ದೋಣಿ ಮರಳಿನ ಮೇಲೆ ಕುಂಬಾಗಿ ಹುಡಿ ಉದುರ್ತಾ ಇತ್ತು. ನಾನು, ಅಣ್ಣ ಸೇರಿ ಕಳಚಿದ್ದು. ಒಳ್ಳೆ ಹಲಗೆ ಮಾವನ ದೋಣಿಗೆ ಹೋಯ್ತು. ಒಂದರಲ್ಲಿ ಮನೆಯ ಬೆಂಚು ಮಾಡಿದೆವು. ಈಗ್ಲೂ ಅದರಲ್ಲೇ ಕೂತು ಊಟ ಮಾಡುದು. ಹಾಗೇ ಬಿಟ್ಟಿದ್ರೆ ಅದೂ ಇರ್ತಿರ್ಲಿಲ್ಲ.”

ಸದಾನಂದಣ್ಣ ಇಂಜಿನ್ನನ್ನು ಮಗುಚಿ ಅದರ ಚಕ್ರಗಳನ್ನು ನೋಡಿದರು.

ಆಗ ಮೆಟ್ಟಿಲಿನಲ್ಲಿ ಉಬ್ಬಸದ ಸದ್ದಾಯಿತು. ಕುಸುಮಕ್ಕ! ಮೊಣಕಾಲು ನೋವಿನಿಂದ ವರ್ಷಗಳಿಂದ ಅವರು ಉಪ್ಪರಿಗೆಗೆ ಹತ್ತಿದವರಲ್ಲ. ಸಿಟ್ಟಿನ ಸ್ವರ ಕೇಳಿ ಹೆದರಿ ಬಂದಿದ್ದರು. ಬಂದವರು ಒಂದು ಬೆಡ್‌ಶೀಟಿನ ತುದಿ ಎತ್ತಿದರು. ಇನ್ನೊಂದು ಎತ್ತಿದರು. ಮೂಲೆಯಲ್ಲಿ ಒಂದು ಸಣ್ಣ ಹಂಚಿನ ಮನೆ, ಅಂಗಳದಲ್ಲಿ ತುಳಸಿಕಟ್ಟೆ, ಅಕ್ಕಿಕಾಳಿನಷ್ಟು ದೊಡ್ಡ ಒಬ್ಬ ಹೆಂಗಸು.

“ಸದಾ, ಇದು ನಮ್ಮ ಮನೆ ಅಲ್ವಾ?”

“ಅಂದಾಜಿಗೆ ಮಾಡಿದ್ದು.”

“ಬಾವಿ ಈ ಬದಿಯಲ್ಲಿ ಎಲ್ಲಿ ಉಂಟು? ಆಚೆ ಅಲ್ವಾ?”

“ಆಚೆ ಇಟ್ರೆ ಹಳಿಗೆ ಜಾಗ ಇರ್ಲಿಲ್ಲ ಅಕ್ಕ.”

ಕುಸುಮಕ್ಕ ಆ ಮನೆಯ ಮುಂದೆ ಬಾಗಿ, ಕನ್ನಡಕ ಸರಿಮಾಡಿಕೊಂಡು, ಕಿಟಕಿಗಳನ್ನೂ ಮೆಟ್ಟಿಲನ್ನೂ ಒಂದೊಂದಾಗಿ ನೋಡಿದರು. ಮೇಲೆ ಗೆದ್ದಲು ಹಿಡಿದ ತೊಲೆ, ಕೆಳಗೆ ಈ ಮನೆ. ಆಮೇಲೆ ನೆಟ್ಟಗೆ ನಿಂತು, “ಇದು ನಂಗೆ ಬೇಕು. ಎಲ್ಲಿ ಕೊಯ್ಯುದು ಹೇಳು” ಎಂದರು.

ಪೆನ್ಸಿಲಿನಿಂದ ಗೆರೆ ಎಳೆದವರು ಸದಾನಂದಣ್ಣನೇ. ಗರಗಸ ಹಿಡಿದವನು ಲೋಕೇಶ. ಘಾಟಿ ಲೋಕೇಶನಿಗೆ, ಸ್ಟೇಷನ್ ಸದಾನಂದಣ್ಣನಿಗೆ, ಮನೆ ಕುಸುಮಕ್ಕನಿಗೆ, ಒಣಗದ ನದಿ ನನಗೆ. ಗರಗಸದ ಹುಡಿಯೆಲ್ಲ ಹಾರಿ ಬಂದು ನನ್ನ ನದಿಗೆ ಅಂಟಿತು. ಅದನ್ನು ಕಂಡು ಆ ದಿನವೂ ನಾವು ನಕ್ಕೆವು. ಕೊನೆಯ ತುಂಡು ಬೇರೆಯಾಗುವಾಗ ಮಾತ್ರ ಸದಾನಂದಣ್ಣ ಕಿಟಕಿಯ ಕಡೆ ತಿರುಗಿದ್ದರು.

ಮನೆ ಬಿತ್ತು. ಕೆಲವು ತಿಂಗಳು ಯಾರೂ ರೈಲಿನ ಮಾತೆತ್ತಲಿಲ್ಲ. ಬೇಸಿಗೆ ಬಂದ ಮೇಲೆ ಲೋಕೇಶ ಫೋನ್ ಮಾಡಿದ. “ನಮ್ಮ ಮನೆಯ ಚಾವಡಿ ಉದ್ದ ಉಂಟು ಟೀಚರ್. ಎಲ್ರದ್ದೂ ಜೋಡಿಸಿ ನೋಡುವನಾ?”

ಬೆಂಗರೆಗೆ ಹೋಗಲು ದೋಣಿಯಲ್ಲಿ ನದಿ ದಾಟಬೇಕು. ಬಟ್ಟೆ ಸುತ್ತಿದ ಹಲಗೆಯನ್ನು ಮಡಿಲಲ್ಲಿಟ್ಟು ಕೂತವಳನ್ನು ಕಂಡು ಪಕ್ಕದ ಹೆಂಗಸು, “ಎಂತ ಅದು?” ಎಂದಳು. “ನದಿ” ಎಂದೆ. ಅವಳು ಸ್ವಲ್ಪ ಆಚೆ ಸರಿದು ಕುಳಿತಳು.

ಚಾವಡಿ ಉದ್ದವೇ, ಆದರೆ ಅಗಲವಿಲ್ಲ. ಮೊದಲಿನಂತೆ ಸುತ್ತು ಬರುವ ಹಾಗೆ ಜೋಡಿಸಲು ಆಗಲಿಲ್ಲ. ಸಾಲಾಗಿ ಇಟ್ಟೆವು: ಆ ತುದಿಗೆ ಸ್ಟೇಷನ್, ಆಮೇಲೆ ಘಾಟಿ, ನದಿ, ಈ ತುದಿಗೆ ಕುಸುಮಕ್ಕನ ಮನೆ. ಲೋಕೇಶ ಹಳಿಯ ತುದಿಗಳಿಗೆ ವಯರು ಸೇರಿಸಿದ. ಮೊದಲ ಸಲ ರೈಲು ಘಾಟಿ ಇಳಿದು ನದಿಯ ಬಾಯಿಯಲ್ಲಿ ಮಗುಚಿತು. ಹಲಗೆಯಡಿಗೆ ರಟ್ಟು ತುರುಕಿ ಎತ್ತರಿಸಿದೆವು. ಇನ್ನೊಮ್ಮೆ ಬಿಡುವ ಹೊತ್ತಿಗೆ ಸದಾನಂದಣ್ಣ ಗುಬ್ಬಿಯ ಪೆಟ್ಟಿಗೆಯನ್ನು ಲೋಕೇಶನ ಕೈಗೆ ಕೊಟ್ಟರು. “ನೀನು ಬಿಡು” ಎಂದು ಹೇಳಿ ಈಚೆ ತುದಿಗೆ ಬಂದು, ಅಕ್ಕನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತರು.

ರೈಲು ಸುರಂಗ ಹೊಕ್ಕಿತು. ಲೋಕೇಶನ ಅಮ್ಮ ಮೀನು ಕೊಯ್ಯುವ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಗರಗಸದ ಸೀಳಿನ ಮೇಲೆ ಒಂದು ಸಣ್ಣ ಟಕ್ ಸದ್ದು, ನದಿ ದಾಟಿತು, ಇನ್ನೊಂದು ಟಕ್. ಕುಸುಮಕ್ಕನ ಅಂಗಳದ ಮುಂದೆ ಬಂದು ನಿಂತಿತು. ಸದಾನಂದಣ್ಣ ಎತ್ತಿಕೊಳ್ಳುವವರಂತೆ ಎರಡೂ ಕೈ ಮುಂದೆ ಚಾಚಿ, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡರು.

“ಇಷ್ಟು ವರ್ಷ ನಾನು ರೈಲು ಬಿಟ್ಟದ್ದೇ ಬಿಟ್ಟದ್ದು ಟೀಚರ್” ಎಂದರು. “ಕೂತು ಕಾದದ್ದು ಇವತ್ತೇ.”

ಕುಸುಮಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, “ಲೇಟಾಗಿ ಬಂತು” ಎಂದರು.

ದರ್ಜಿ ರವಿಕೆಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಾಗ ನಾನು ಇನ್ನೂ ಬೆಂಗರೆಯ ಚಾವಡಿಯಲ್ಲೇ ಇದ್ದೆ. ಆ ಚಾವಡಿಗೆ ನಾವು ಈಗಲೂ ಹೋಗುತ್ತೇವೆ, ಆಗಾಗ. ಬರುವ ಭಾನುವಾರವೂ ಉಂಟು. ನನ್ನ ನದಿ ಅಂತೂ ಗಟ್ಟಿಯಾಗಿದೆ, ಆದರೆ ಬಣ್ಣ ಸರಿಯಿಲ್ಲವೆಂದು ಈಗ ನನಗೇ ಅನಿಸುತ್ತದೆ. ಹೊಸತೊಂದನ್ನು ಶುರು ಮಾಡಿದ್ದೇನೆ. ಮನೆಗೆ ಹೋಗಬೇಕಾದವಳು ಸ್ಕೂಟರನ್ನು ಕೂಳೂರಿನ ಕಡೆಗೆ ತಿರುಗಿಸಿದೆ. ಅಲ್ಲಿರುವುದು ನಾನು ದಿನಾ ದಾಟುವ ಸೇತುವೆ. ಅಡಿಯಲ್ಲಿ ಹರಿಯುವ ನದಿ ಯಾವ ಬಣ್ಣ ಎಂದು ಯಾರಾದರೂ ಕೇಳಿದ್ದರೆ ಇಷ್ಟು ಕಾಲ ನೀಲಿ ಎಂದು ಹೇಳಿಬಿಡುತ್ತಿದ್ದೆನೇನೋ.

ಬದಿಯಲ್ಲಿ ಸ್ಕೂಟರ್ ನಿಲ್ಲಿಸಿ, ಸೇತುವೆಯ ಕಟ್ಟೆ ಹಿಡಿದು ಬಗ್ಗಿ ನೋಡುತ್ತಿದ್ದೆ. ಹಿಂದೆ ರಿಕ್ಷಾ ನಿಂತ ಸದ್ದು. ಡ್ರೈವರ್ ಮೆಲ್ಲ ಇಳಿದು, ಇನ್ನೂ ಮೆಲ್ಲ ಹತ್ತಿರ ಬಂದ.

“ಮೇಡಂ, ಎಂತ ಆಯ್ತು? ಎಂತ ಇದ್ರೂ ಮಾತಾಡುವ. ಬನ್ನಿ, ಮನೆಗೆ ಬಿಡ್ತೇನೆ.”

ಅವನ ಮುಖ ನೋಡಿದ ಮೇಲೆ ಅವನು ಏನೆಂದು ಎಣಿಸಿದ್ದಾನೆ ಎಂಬುದು ನನಗೆ ಅರ್ಥವಾಯಿತು. ಗಾಬರಿಯಾಗಿ, “ಅಯ್ಯೋ, ಹಾಗೆಂತ ಇಲ್ಲ! ನೀರಿನ ಬಣ್ಣ ನೋಡ್ತಾ ಇದ್ದೆ” ಎಂದೆ. ನಂಬಲಿಲ್ಲ. ಸಣ್ಣ ರೈಲು, ಸಣ್ಣ ನದಿ, ಭಾನುವಾರ, ಎಲ್ಲವನ್ನೂ ಹೇಳಬೇಕಾಯಿತು. ಲಾರಿಗಳ ಸದ್ದಿನಲ್ಲಿ ಅವನಿಗೆ ಎಷ್ಟು ಕೇಳಿಸಿತೋ. ನನ್ನನ್ನು ಒಮ್ಮೆ, ನೀರನ್ನು ಒಮ್ಮೆ ನೋಡಿದ. ಆಮೇಲೆ ತಾನೂ ಕಟ್ಟೆ ಹಿಡಿದು ಬಗ್ಗಿದ.

“ಕಂದು ಅಲ್ವಾ ಮೇಡಂ?”

“ನಂಗೆ ಹಸುರು ಕಾಣ್ತದೆ.”

“ಎಲ್ಲಿ?” ಎಂದು ಅವನು ಇನ್ನೂ ಸ್ವಲ್ಪ ಬಗ್ಗಿದ.