ಕರಿಯಯ್ಯ ಬರೆದ ‘ನೀರು’

ಚಿನಕುರಳಿ ಪಕ್ಕದ ನಮ್ಮೂರಿನ ಡೈರಿಯಲ್ಲಿ ಇಪ್ಪತ್ತಾರು ವರ್ಷ ಹಾಲು ಪರೀಕ್ಷೆ ಮಾಡಿದವನು ಕರಿಯಯ್ಯ. ಒಂದು ತೊಟ್ಟು ಹಾಲನ್ನೂ ಪುಕ್ಕಟೆ ಮನೆಗೆ ಒಯ್ದವನಲ್ಲ. ಇಂಥ ಪ್ರಾಮಾಣಿಕರನ್ನು ಕಂಡರೆ ನನಗೆ ಭಯ. ತಾವೂ ತಪ್ಪು ಮಾಡಬಹುದು ಎಂಬುದು ಅವರ ತಲೆಗೇ ಹೋಗುವುದಿಲ್ಲ.

ಡೈರಿಯಲ್ಲಿ ಒಂದು ವಾಡಿಕೆಯಿತ್ತು. ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಇಳಿದರೆ, ಕಾರಣ ಏನೇ ಇರಲಿ, ಪುಸ್ತಕದಲ್ಲಿ ಹೆಸರಿನ ಮುಂದೆ ‘ನೀರು’ ಎಂದು ಬರೆಯುವುದು. ಬರೆದದ್ದನ್ನು ಕರಿಯಯ್ಯ ಗಟ್ಟಿಯಾಗಿ ಓದುತ್ತಿದ್ದ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಸಾಲಿನಲ್ಲಿ ನಲವತ್ತು ಜನ ನಿಂತಿರುವಾಗ ಓದಿದ: “ಬೆಟ್ಟಮ್ಮ, ನೀರು.”

ಬೆಟ್ಟಮ್ಮನಿಗಿದ್ದದ್ದು ಒಂದೇ ಹಸು. ಹೊಲವಿಲ್ಲ, ಹಸಿಹುಲ್ಲಿಲ್ಲ. ಒಣಹುಲ್ಲು ಬಿಟ್ಟರೆ ಅಂಗಡಿಯ ಫೀಡೇ ಗತಿ. ಆ ಚೀಲದ ಮೇಲೆ ‘ಪ್ರೋಟೀನು ಶೇಕಡ ಇಪ್ಪತ್ತೆರಡು’ ಎಂದು ದಪ್ಪಕ್ಷರದಲ್ಲಿತ್ತು.

“ಕರಿಯಣ್ಣ, ನನ್ ಮಗಳಾಣೆ, ಒಂದ್ ತೊಟ್ಟೂ ಆಕಿಲ್ಲ ಕಣಣ್ಣ.”

“ಮೀಟ್ರು ಸುಳ್ಳೇಳ್ತದಾ? ತಕ್ಕಂಡೋಗು ನಿನ್ ಹಾಲ.”

ಹತ್ತು ದಿನ ಅದೇ ಮಾತು, ಹತ್ತು ದಿನವೂ ಹಾಲು ವಾಪಸ್ಸು. ದಾರಿಯಲ್ಲಿ ಸಿಕ್ಕವರು, “ಬೋರ್‌ವೆಲ್ಲಲ್ಲಿ ನೀರು ಚೆಂದಾಗದಾ ಬೆಟ್ಟವ್ವ?” ಎಂದು ಕಿಚಾಯಿಸತೊಡಗಿದರು. ನಾನೂ ನಕ್ಕಿದ್ದೆ, ಸುಳ್ಳೇಕೆ ಹೇಳಲಿ.

ಆಕೆ ಸುಮ್ಮನೆ ಕೂರಲಿಲ್ಲ. ಅರ್ಧ ಚೀಲ ಫೀಡು ಹೊತ್ತುಕೊಂಡು ಬಸ್ಸು ಹತ್ತಿ ಪಾಂಡವಪುರದ ದನದ ಆಸ್ಪತ್ರೆಗೆ ಹೋದಳು. “ಇದ್ರಲ್ ಏನೈತೆ ನೋಡಿ ಸ್ವಾಮಿ. ನಾನು ಕಳ್ಳಿ ಅಲ್ಲ.” ಅಧಿಕಾರಿಗಳು ಅಂಗಡಿಯಲ್ಲಿದ್ದ ಹೊಲಿಗೆ ಬಿಚ್ಚದ ಚೀಲಗಳಿಗೆ ಸೀಲು ಹಾಕಿ ಲ್ಯಾಬಿಗೆ ಕಳಿಸಿದರು. ಇಪ್ಪತ್ತೆರಡು ಎಂದಿದ್ದಲ್ಲಿ ಸಿಕ್ಕಿದ್ದು ಒಂಬತ್ತು. ಅಂಥದ್ದನ್ನು ತಿಂದ ಹಸುವಿನ ಹಾಲು ನೀರು ಬೆರೆಸದೆಯೂ ತೆಳ್ಳಗಾಗುತ್ತದೆ. ಕಂಪನಿಯ ಮೇಲೆ ಕೇಸಾಯಿತು. ಅಷ್ಟರಲ್ಲಿ ಬೆಟ್ಟಮ್ಮ, ಪಕ್ಕೆಲುಬು ಎದ್ದಿದ್ದ ಆ ಹಸುವನ್ನು ಸಿಕ್ಕಿದ ರೇಟಿಗೆ ಮಾರಿಬಿಟ್ಟಿದ್ದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವುದು ಇದಕ್ಕೇ.

ಕೋರ್ಟಿನಲ್ಲಿ ಕಂಪನಿ ವಕೀಲರು ಡೈರಿ ಪುಸ್ತಕ ತೆರೆದರು. “ಹಾಲು ತೆಳ್ಳಗಾಗಿದ್ದು ಫೀಡಿನಿಂದಲ್ಲ, ನೀರಿನಿಂದ. ನೀವೇ ಬರೆದಿದ್ದೀರಲ್ಲ?”

ಕಟಕಟೆಯಲ್ಲಿದ್ದ ಕರಿಯಯ್ಯ ತಾನು ಬರೆದ ಪುಟ ನೋಡಿದ. “ನೀರಾಕಿದ್ದ ನಾನ್ ಕಂಡಿಲ್ಲ ಸ್ವಾಮಿ. ಡಿಗ್ರಿ ಇಳುದ್ರೆ ಅಂಗ್ ಬರಿಯೋದು ವಾಡ್ಕೆ.”

ಕಂಪನಿಗೆ ದಂಡ ಬಿತ್ತು. ಕರಿಯಯ್ಯನ ಎದೆ ತುಸು ಹಗುರಾಗಿರಬೇಕು. ಆವತ್ತು ಸಂಜೆಯೇ ನನ್ನನ್ನು ಕರೆದುಕೊಂಡು ಬೆಟ್ಟಮ್ಮನ ಮನೆಗೆ ಹೋದ.

“ನಿಂದೇನೂ ತಪ್ಪಿಲ್ಲ ಅಂತ ಕೋರ್ಟ್ನಲ್ಲಿ ಹೇಳ್ಬುಟ್ಟೆ ಕಣವ್ವ,” ಎಂದ.

ಬೆಟ್ಟಮ್ಮ ಜಗುಲಿಯಿಂದ ಏಳಲಿಲ್ಲ. ಕೂರಿ ಎಂದೂ ಹೇಳಲಿಲ್ಲ. “ಅವ್ರು ಚೀಲದ್ ಮ್ಯಾಲೆ ಸುಳ್ಳು ಬರುದ್ರು, ನೀನು ನನ್ ಎಸ್ರು ಮುಂದೆ ಬರ್ದೆ. ಅವ್ರ ಮ್ಯಾಲಾದ್ರೂ ಕೇಸಾಯ್ತು. ನಿನ್ ಮ್ಯಾಲೆ ಯಾರು ಕೇಸಾಕ್ತಾರೆ ಕರಿಯಣ್ಣ?”