ನಾಯಕನ ಪ್ರವೇಶಕ್ಕೆ ಹೆಣದ ಮುಂದಿನ ಸನಾದಿ

ಬೆಳಗಿನ ಮೊದಲ ಆಟಕ್ಕೆ ನಾನು ಹೋದದ್ದು ಕೆಲಸದ ಮೇಲೆ. ಆಟ ಎಷ್ಟಕ್ಕೆ ಶುರುವಾಯಿತು, ಬಂದೋಬಸ್ತ್ ಇತ್ತೇ, ಗಲಾಟೆಯಾಯಿತೇ ಎಂದು ನಾಲ್ಕು ಸಾಲು ಬರೆದು ವಿಜಯಪುರದ ಪುಟಕ್ಕೆ ಕಳಿಸಬೇಕಿತ್ತು. ಗೂಢಚಾರನ ಚಿತ್ರ. ನಾಯಕನ ಕಟೌಟಿಗೆ ಹಾಲು ಸುರಿದಾಗಿತ್ತು. ಅಭಿಮಾನಿಗಳು ಪರದೆಗೆ ತೂರಲೆಂದು ಕಾಗದದ ಚೂರುಗಳನ್ನು ಚೀಲಗಟ್ಟಲೆ ತಂದಿದ್ದರು.

ಅಂದಿನ ಪತ್ರಿಕೆಯಲ್ಲೇ ಆ ಚಿತ್ರದ ಬಗ್ಗೆ ನಾನು ಬರೆದ ಇನ್ನೊಂದು ಸಣ್ಣ ಸುದ್ದಿಯಿತ್ತು. ತಿಕೋಟಾದ ಸನಾದಿ ವಾದಕರೊಬ್ಬರು ಅದರ ಹಿನ್ನೆಲೆ ಸಂಗೀತಕ್ಕೆ ನುಡಿಸಿದ್ದಾರೆ ಎಂಬುದು. ಅವರ ಹೆಸರು, ಓಣಿ, ಫೋಟೊ ಎಲ್ಲವನ್ನೂ ಕೊಟ್ಟಿದ್ದೆ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಚಿತ್ರ ಶುರುವಾಗಿ ಕಾಲು ಗಂಟೆಗೆ ನಾಯಕ ಕಾಣಿಸಿಕೊಂಡ. ಸರ್ಕಾರದ ಕಡತದಲ್ಲಿ ಸತ್ತವನೆಂದು ಬರೆಸಿಕೊಂಡ ಗೂಢಚಾರ ಗಡಿ ದಾಟಿ ಬರುವ ದೃಶ್ಯ. ಜನ ಎದ್ದು ನಿಂತು ಶಿಳ್ಳೆ ಹಾಕಲು ಬೆರಳು ಬಾಯಿಗಿಟ್ಟುಕೊಂಡಿದ್ದರು. ಡ್ರಮ್ಮಿಲ್ಲ, ಗಿಟಾರಿಲ್ಲ. ಒಂದೇ ಒಂದು ಸನಾದಿ, ನಿಧಾನವಾಗಿ, ಎಳೆದೆಳೆದು.

ನಮ್ಮ ಕಡೆ ಆ ಧಾಟಿ ಗೊತ್ತಿಲ್ಲದವರಿಲ್ಲ. ತುಂಬು ಬಾಳು ಬಾಳಿದವರು ತೀರಿಕೊಂಡಾಗ ಹೆಣವನ್ನು ಕೂರಿಸಿ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಹಿಂದೆ ಒಬ್ಬರು ಚುರುಮುರಿ, ಅಂದರೆ ಮಂಡಕ್ಕಿ, ತೂರುತ್ತಾರೆ, ಮುಂದೆ ಸನಾದಿಯವರು ಅದನ್ನೇ ನುಡಿಸುತ್ತ ನಡೆಯುತ್ತಾರೆ. ಬೇರೆ ಊರುಗಳಲ್ಲಿ ಅದು ಬರೀ ದುಃಖದ ಸಂಗೀತವಾಗಿ ಕೇಳಿಸಿರಬಹುದು. ವಿಜಯಪುರದಲ್ಲಿ ಹಾಗಾಗುವಂತಿರಲಿಲ್ಲ.

ಬಾಯಿಗಿಟ್ಟ ಬೆರಳುಗಳು ಕೆಳಗಿಳಿದವು. ಆಮೇಲೆ ನನ್ನ ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಲೇ, ಇದು ಹೆಣದ ಮುಂದಿನ ಸನಾದಿ ಲೇ!"

"ನಮ್ಮ ಬಾಸ್‌ನ ಎಂಟ್ರಿ ಮಾಡಂದ್ರ ಮಣ್ಣ ಮಾಡಾಕತ್ತಾರಲೇ ಮಕ್ಕಳು!"

"ಚುರುಮುರಿ ತರ್ರಿ, ಅದೊಂದು ಕಡಿಮಿ ಐತಿ!"

ನಗೆ ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ಎರಡು ಕುರ್ಚಿ ಮುರಿದವು. ಆಟ ಇಪ್ಪತ್ತು ನಿಮಿಷ ನಿಂತಿತು. ಮಧ್ಯಾಹ್ನದ ಆಟಕ್ಕೆ ಕೆಲವರು ನಿಜವಾಗಿಯೂ ಚುರುಮುರಿ ತಂದು ಪರದೆಗೆ ತೂರಿದರು. ಅಷ್ಟರಲ್ಲಿ ನನ್ನ ಸುದ್ದಿಯ ತುಣುಕು ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಫೋಟೊದಲ್ಲಿದ್ದ ಸನಾದಿಯವರ ಕೊರಳಿಗೆ ಯಾರೋ ಹಾರ ಹಾಕಿ, ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಸೇರಿಸಿದ್ದರು.

ಮರುದಿನ ಅವರ ಪ್ರತಿಕ್ರಿಯೆ ಪಡೆಯಲು ತಿಕೋಟಾಕ್ಕೆ ಹೋದೆ. ಐವತ್ತು ದಾಟಿದ ಮನುಷ್ಯ, ತೆಳ್ಳಗೆ. ನೀರು ಕೊಟ್ಟರು, ಕೂರಲು ಹೇಳಲಿಲ್ಲ.

"ಸ್ಟುಡಿಯೋದಾಗ ಚಿತ್ರ ತೋರಿಸಲಿಲ್ರಿ," ಎಂದರು. "ನಿಮ್ಮ ಕಡಿ ದುಃಖದ್ದೇನರ ಇದ್ರ ನುಡಸ್ರಿ ಅಂದ್ರು. ನಾ ನುಡಿಸಿದ್ನಿ. ಅದನ್ನ ಯಾರ ತಲಿ ಮ್ಯಾಲೆ ಇಡ್ತಾರ ಅಂತ ನನಗೇನ ಗೊತ್ತು?"

ಇದನ್ನು ಬರೆದುಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಮೋಟರ್‌ಸೈಕಲ್ ನಿಂತಿತು. ಬಂದವರು ಬಬಲೇಶ್ವರದ ರೈತರೊಬ್ಬರು. ಎಂಟು ದಿನಕ್ಕೆ ಅವರ ಮಗಳ ಮದುವೆ, ಸನಾದಿ ಇವರದೇ. ಅಳಿಯನಾಗುವವನಿಗೆ ಸೊಲ್ಲಾಪುರ ರಸ್ತೆಯಲ್ಲಿ ಗ್ಯಾರೇಜಿದೆ, ಅವನು ಅಭಿಮಾನಿ ಸಂಘದ ಪದಾಧಿಕಾರಿಯೂ ಹೌದು.

ಮದುವೆಗೆ ವಾದ್ಯದವರನ್ನು ಗೊತ್ತುಮಾಡುವಾಗ ಕೈಗೆ ಎಲೆ ಅಡಿಕೆ ಕೊಡುತ್ತಾರೆ. ಕೊಟ್ಟವರು ಅದನ್ನು ಹಿಂದಕ್ಕೆ ಕೇಳಬಾರದು, ಕೇಳಿದರೆ ಮದುವೆ ಮನೆಗೆ ಕೇಡು ಎನ್ನುತ್ತಾರೆ. ತೆಗೆದುಕೊಂಡವನು ತಾನಾಗಿ ಮರಳಿಸಬಹುದು. ಹಾಗಾಗಿ ಆ ರೈತರು ಸುತ್ತುಬಳಸಿ ಮಾತು ತೆಗೆದರು.

"ಮಾಸ್ತರ, ನಿಮಗ ಆರಾಮಿಲ್ಲಂತ ಕೇಳಿದ್ನಿ."

"ಆರಾಮ ಅದೀನ್ರಿ ಗೌಡ್ರ."

"ದಣಿದ ಹಂಗ ಕಾಣ್ತೀರಿ. ಎಂಟ ದಿನದಾಗ ಉಸರು ಹತ್ತೂದಿಲ್ಲೇನೋ."

"ಉಸರು ಭರ್ತಿ ಐತ್ರಿ."

ಗೌಡರು ನನ್ನ ಕಡೆ ನೋಡಿ, ಮತ್ತೆ ಅವರ ಕಡೆ ತಿರುಗಿದರು. "ಬೀಗರು ಕೇಳವಲ್ಲರು ಮಾಸ್ತರ. ಹೆಣದ ಸನಾದಿಯವ ಹಂದರಕ್ಕ ಬಂದ್ರ ನಾವು ಬರೂದಿಲ್ಲ ಅಂತಾರ. ನೀವಾಗೇ ಎಲಿ ತಿರುಗಿ ಕೊಟ್ರ ಯಾರಿಗೂ ಮಾತಿಲ್ಲ."

"ನಿಮ್ಮ ಅಪ್ಪನ ಹೆಣದ ಮುಂದ ಯಾರು ನುಡಿಸಿದ್ರು?"

"ನೀವ."

"ನಿಮ್ಮ ಮದುವಿಗೆ?"

"ನಿಮ್ಮ ಅಪ್ಪ."

"ಅವತ್ತ ಇಲ್ಲದ್ದು ಇವತ್ತ ಎಲ್ಲಿಂದ ಬಂತು? ಎಲಿ ನಾ ಕೊಡೂದಿಲ್ಲ. ಕೊಟ್ನಿ ಅಂದ್ರ ನಾನ ಒಪ್ಪಿಕೊಂಡಂಗ. ನಾಳಿಂದ ಒಂದು ಮದುವಿ ಮನಿಯವರೂ ನನ್ನ ಕರಿಯೂದಿಲ್ಲ. ಹಂದರಕ್ಕ ಬರ್ತೇನಿ. ಎಬ್ಬಿಸೂದಿದ್ರ ಅಲ್ಲಿ ಎಬ್ಬಿಸ್ರಿ, ಮಂದಿ ಮುಂದ."

ಗೌಡರು ನೀರನ್ನೂ ಕುಡಿಯದೆ ಹೋದರು. ಸನಾದಿಯವರು ನನ್ನ ನೋಟುಬುಕ್ಕಿನ ಕಡೆ ಕೈ ತೋರಿಸಿದರು. "ಹೆಸರು ಒಮ್ಮೆ ಹಾಕಿದ್ದು ಸಾಕ್ರಿ ಸರ."

ಆ ದಿನ ನಾನು ಕಳಿಸಿದ ಸುದ್ದಿಯಲ್ಲಿ 'ವಾದಕರು ಪ್ರತಿಕ್ರಿಯೆಗೆ ನಿರಾಕರಿಸಿದರು' ಎಂದಿತ್ತು. ಅದು ನಿಜವಲ್ಲ. ಇಷ್ಟು ವರ್ಷದ ಕೆಲಸದಲ್ಲಿ ತಿಳಿದೂ ಬರೆದ ಸುಳ್ಳು ಅದೊಂದೇ.

ಮದುವೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಬಬಲೇಶ್ವರದಲ್ಲಿ ಬೇರೊಂದು ಕೆಲಸದ ನೆಪ ಮಾಡಿಕೊಂಡು ಹೋದೆ. ಹಂದರದ ಬಲಗಡೆ, ಎಂದಿನ ಜಾಗದಲ್ಲಿ, ಸನಾದಿಯವರು ಕೂತಿದ್ದರು. ಪಕ್ಕದಲ್ಲಿ ಸಮೇಳದವರು, ಅಂದರೆ ಡೋಲು ಬಾರಿಸುವವರು, ಇರಲಿಲ್ಲ. ಅವರು ಎಲೆ ಮರಳಿಸಿದ್ದರೆಂದು ಆಮೇಲೆ ತಿಳಿಯಿತು. ಸನಾದಿಯವರನ್ನು ಎಬ್ಬಿಸುವ ಧೈರ್ಯ ಯಾರೂ ಮಾಡಲಿಲ್ಲ. ವರನ ಗೆಳೆಯರು ಬೇರೆ ಉಪಾಯ ಮಾಡಿದ್ದರು. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಡಿಜೆ ಪೆಟ್ಟಿಗೆಗಳನ್ನು ಹೇರಿ, ಅವುಗಳ ಬಾಯಿಯನ್ನು ಸನಾದಿಯವರ ಕಡೆಗೇ ತಿರುಗಿಸಿ ನಿಲ್ಲಿಸಿದ್ದರು.

ಅಕ್ಷತೆಯ ಹೊತ್ತಿಗೆ ಸನಾದಿ ತುಟಿಗೆ ಹೋಯಿತು. ಅದೇ ಕ್ಷಣಕ್ಕೆ ಡಿಜೆಯಲ್ಲಿ ಆ ನಾಯಕನ ಹಳೆಯ ಚಿತ್ರವೊಂದರ ಪ್ರವೇಶದ ಸಂಗೀತ ಹೊಡೆಯತೊಡಗಿತು. ಹಂದರದ ತಗಡು ನಡುಗಿತು. ಮಂತ್ರ ಕೇಳಲಿಲ್ಲ, ಜನ ಪಕ್ಕದವರ ಕೈ ನೋಡಿ ಅಕ್ಷತೆ ಹಾಕಿದರು. ವರ ನಗುತ್ತಿದ್ದ. ಗೌಡರು ನೆಲ ನೋಡುತ್ತಿದ್ದರು. ನಾನು ಸನಾದಿಯವರಿಂದ ಹತ್ತು ಹೆಜ್ಜೆ ದೂರದಲ್ಲಿದ್ದೆ. ಗಲ್ಲ ಉಬ್ಬಿದ್ದವು, ಬೆರಳು ಓಡುತ್ತಿದ್ದವು, ಕೊರಳಿನ ನರ ಎದ್ದಿತ್ತು. ಅಕ್ಷತೆ ಮುಗಿಯುವವರೆಗೂ ಅವರು ನಿಲ್ಲಿಸಲಿಲ್ಲ. ಒಂದು ಸ್ವರವೂ ನನಗೆ ಕೇಳಿಸಲಿಲ್ಲ.

ಊಟಕ್ಕೆ ಕೂರದೆ ಅವರು ಬಸ್ಸಿನ ಕಡೆ ಹೊರಟಾಗ ಹಿಂದೆ ಹೋದೆ.

"ಯಾವುದು ನುಡಿಸಿದ್ರಿ? ಮದುವಿದೋ, ಅದೋ?"

ಅವರು ನಿಲ್ಲದೆಯೇ ಕೇಳಿದರು: "ನಿಮಗ ಕೇಳಿಸಿತೇನು?"

"ಇಲ್ಲ."

"ಮತ್ತ ಏನ ಬರೀತೀರಿ? ನಡೀರಿ."