ಮೂರನೇ ಎಳೆತ

ಇವತ್ತು ಬೆಳಿಗ್ಗೆ ನಮ್ಮ ಜಯನಗರದ ಮನೆಯ ಮಹಡಿಗೆ ಹೊಸ ಬಾಡಿಗೆಯವರ ಕಬ್ಬಿಣದ ಬೀರು ಬಂತು. ಬಂತು ಎಂದರೆ, ಗೇಟಿನವರೆಗೆ ಬಂತು. ಮೆಟ್ಟಿಲಿನ ತಿರುವಿನಲ್ಲಿ ಅದು ಹಿಡಿಸುವುದಿಲ್ಲವೆಂದು ನನಗೆ ಗೊತ್ತಿತ್ತು. ಮನೆ ಕಟ್ಟಿಸುವಾಗ ಜಾಗ ಉಳಿಸಲು ಆ ತಿರುವನ್ನು ಕಿರಿದು ಮಾಡಿಸಿದ ಬುದ್ಧಿವಂತ ನಾನೇ. ಸಾಮಾನು ಸಾಗಿಸುವವರು ಮೇಲೆ ರಾಟೆ ಕಟ್ಟಿ, ದಪ್ಪನೆಯ ತೆಂಗಿನ ನಾರಿನ ಹಗ್ಗ ಇಳಿಬಿಟ್ಟರು. ಬಿಸಿಲಿಗೆ ಆ ಹಗ್ಗದಿಂದ ನಾರಿನ, ಬೆವರಿನ ವಾಸನೆ ಎದ್ದಿತು ನೋಡಿ, ಕಾಫಿ ಲೋಟ ಕಟ್ಟೆಯ ಮೇಲಿಟ್ಟು ಎದ್ದೇಬಿಟ್ಟೆ.

"ನಿನ್ನೆ ಬೆನ್ನು ನೋವು ಅಂತ ನರಳ್ತಿದ್ದೋರು ಯಾರು?" ಎಂದಳು ಹೆಂಡತಿ. ಅಷ್ಟರಲ್ಲಿ ನಾನು ಅಂಗಳಕ್ಕಿಳಿದಾಗಿತ್ತು.

ಹಗ್ಗ ಕಂಡರೆ ನಾನು ಹೀಗೆ ಎದ್ದು ಹೋಗುವುದಕ್ಕೆ ಗೋವಿಂದಣ್ಣನೇ ಕಾರಣ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದ ಮೇಲೆ, ಪ್ರತಿ ಭಾನುವಾರ ಬಿಟಿಎಂ ಲೇಔಟಿನ ಮಗಳ ಮನೆಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಅವಳ ಬಾಲ್ಕನಿಯಲ್ಲಿ ನಿಂತು ನೋಡುತ್ತೇನೆ, ಎದುರು ತಾರಸಿಯ ಮೇಲೆ ಎಂಟು ಜನ ಗಂಡಸರು ಸಾಲಾಗಿ ನಿಂತು ಕಟ್ಟಡವನ್ನು ಎಳೆಯುತ್ತಿದ್ದಾರೆ! ಮುಂದಿನ ಮಹಡಿಗೆಂದು ಮೇಲೆ ಬಿಟ್ಟಿದ್ದ ತುಕ್ಕು ಹಿಡಿದ ಕಂಬಿಗಳಿಗೆ ಹಗ್ಗ ಕಟ್ಟಿ, ಒಬ್ಬ ಏನೋ ಕೂಗುವುದು, ಉಳಿದವರು "ಐಲೇಸಾ" ಎಂದು ಹಿಂದಕ್ಕೆ ವಾಲುವುದು. ಕೆಳಗಿನಿಂದ ಕಟ್ಟಡದ ಮಾಲೀಕರು, ಮಡಿವಾಳದ ಹಳೇ ರೈತರು, ಕತ್ತೆತ್ತಿ ಕೂಗಿದರು: "ಏನ್ರಯ್ಯಾ, ನನ್ ಬಿಲ್ಡಿಂಗ್ ಎಳ್ಕೊಂಡು ಸಮುದ್ರುಕ್ಕೆ ಹೋಯ್ತೀರಾ ಎಂಗೆ?"

ಮೇಲೆ ಕೂಗುತ್ತಿದ್ದವರೇ ಗೋವಿಂದಣ್ಣ. ಆ ಕಟ್ಟಡದ ಕೆಳಗಡೆ ಅವರ ಮೀನೂಟದ ಮೆಸ್ ಇತ್ತು. ಎಂಟೂ ಜನ ಕರಾವಳಿಯ ಒಂದೇ ಊರಿನವರು. ಒಂದು ಕಾಲದಲ್ಲಿ ಅಲ್ಲಿ ರಂಪಣಿ ಬಲೆಯನ್ನು, ಅಂದರೆ ದೋಣಿಯಲ್ಲಿ ಒಯ್ದು ಕಡಲಿಗೆ ಬಿಡುವ ಆ ದೊಡ್ಡ ಬಲೆಯನ್ನು, ದಡದಲ್ಲಿ ನಿಂತು ಎಳೆಯುತ್ತಿದ್ದವರು. ಈಗ ಒಬ್ಬ ಆಟೋ ಓಡಿಸುತ್ತಿದ್ದ, ಒಬ್ಬ ಬೇಕರಿಯಲ್ಲಿದ್ದ. ಭಾನುವಾರದ ಊಟದ ಗಿರಾಕಿಗಳು ಹೋದ ಮೇಲೆ ಸೇರಿ ಹಾಡುತ್ತಿದ್ದರು. ನಾನು ಹೋಗಿ ಪರಿಚಯ ಮಾಡಿಕೊಂಡೆ. ಜನ್ಮದಲ್ಲಿ ಮೀನು ಮುಟ್ಟದ ನಾನು ಆ ಮೆಸ್ಸಿನಲ್ಲಿ ಮೂಗು ಬಿಗಿಹಿಡಿದು ಚಹಾ ಕುಡಿದೆ. ಮನೆಯಲ್ಲಿ "ಸಂಗೀತಕ್ಕೆ ಹೋಗಿದ್ದೆ" ಎಂದೆ. ಸುಳ್ಳೇನಲ್ಲವಲ್ಲ.

"ಕೂತು ಒಂದ್ಸಲ ಹೇಳಿ ಗೋವಿಂದಣ್ಣ, ಬರ್ಕೋತೀನಿ" ಎಂದರೆ ಅವರು ತಲೆ ಅಲ್ಲಾಡಿಸಿದರು. "ಹಗ್ಗ ಇಲ್ಲದೆ ಹಾಡು ಬರುದಿಲ್ಲ ಮಾಷ್ಟ್ರೆ. ಅದು ಕೈಯಲ್ಲಿ ಉಂಟು, ಬಾಯಲ್ಲಿ ಇಲ್ಲ."

ಸರಿ, ಹಗ್ಗದ ಬಾಲದಲ್ಲಿ ನನ್ನನ್ನೂ ನಿಲ್ಲಿಸಿದರು. ಅಂಗೈಯಲ್ಲಿ ಬೊಬ್ಬೆಗಳೆದ್ದವು. ಆದರೆ ನಿಜ ಹೇಳುತ್ತೇನೆ, ಅಷ್ಟು ಖುಷಿಯನ್ನು ನಾನು ಯಾವ ಸ್ಟಾಫ್ ರೂಮಿನಲ್ಲೂ ಪಟ್ಟಿರಲಿಲ್ಲ. ಹಾಡು ಸರಳ. ಒಂದೊಂದು ಎಳೆತಕ್ಕೆ ಹಗ್ಗದಲ್ಲಿರುವ ಒಬ್ಬೊಬ್ಬನ ಹೆಸರು: "ಶೀನ ಎಳೆದ" "ಐಲೇಸಾ", "ಮಂಜ ಎಳೆದ" "ಐಲೇಸಾ". ಮೂರನೇ ಎಳೆತಕ್ಕೆ ಮಾತ್ರ ಹೆಸರೂ ಇಲ್ಲ, ಐಲೇಸವೂ ಇಲ್ಲ. ಸುಮ್ಮನೆ ಎಳೆಯುತ್ತಿದ್ದರು. ನಾಲ್ಕನೆಯದಕ್ಕೆ ಮತ್ತೆ ಹಾಡು.

ಮನೆಗೆ ಬಂದು ಬರೆದಾಗ ಆ ಖಾಲಿ ಸಾಲು ನನ್ನನ್ನು ಕುಟುಕಿತು. ಪಾಪ, ಮರೆತಿದ್ದಾರೆ, ಎಂದುಕೊಂಡೆ. ಬಿಟ್ಟ ಸ್ಥಳ ತುಂಬಿಸುವುದು ನನಗೆ ಹುಟ್ಟುಗುಣ. ತುಂಬಿಸಿಯೇಬಿಟ್ಟೆ: "ಕಡಲು ತಾಯಿ, ಕೈಯ ಬಿಡಳು, ಐಲೇಸಾ." ಬರೆದು, ನನಗೆ ನಾನೇ ಶಹಬ್ಬಾಸ್ ಎಂದುಕೊಂಡು, ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಹಂಚಿದೆ. ಅವರು ಮರ್ಯಾದೆಯಿಂದ ಮಡಚಿ ಜೇಬಿಗಿಟ್ಟುಕೊಂಡರು. ಯಾರೂ ಓದಲಿಲ್ಲ. ಅವರಿಗೇಕೆ ಬೇಕು, ಹೇಳಿ?

ಆ ನವೆಂಬರಿನಲ್ಲಿ ಬಡಾವಣೆಯ ಪಾರ್ಕಿನಲ್ಲಿ ರಾಜ್ಯೋತ್ಸವ. ವೇದಿಕೆಯ ಕಂಬಕ್ಕೆ ಹಗ್ಗ ಕಟ್ಟಿ ನಿಂತೆವು. ಬಾಲದಲ್ಲಿದ್ದ ನನ್ನ ಪಕ್ಕದಲ್ಲೇ ಮೈಕು. ಶೀನ ಎಳೆದ, ಮಂಜ ಎಳೆದ. ಮೂರನೆಯದಕ್ಕೆ ನಾನೊಬ್ಬನೇ ಗಂಟಲು ಬಿರಿಯುವಂತೆ ಹಾಡಿದೆ, "ಕಡಲು ತಾಯಿ, ಕೈಯ ಬಿಡಳು!" ಎಂಟು ಜನರ ಬಾಯಿ ಮುಚ್ಚಿಯೇ ಇತ್ತು. ಜನ ಚಪ್ಪಾಳೆ ತಟ್ಟಿದರು. ಗೋವಿಂದಣ್ಣ ಹಿಂತಿರುಗಿ ನೋಡಲಿಲ್ಲ, ಹಾಡನ್ನೂ ನಿಲ್ಲಿಸಲಿಲ್ಲ. ಆದರೆ ಹಗ್ಗ ಸಡಿಲವಾಯಿತು. ಅದು ನನ್ನ ಅಂಗೈಗೆ ಗೊತ್ತಾಯಿತು.

ಆಮೇಲೆ ಮೆಸ್ಸಿನಲ್ಲಿ ನನ್ನ ಮುಂದೆ ಚಹಾ ಇಟ್ಟು ಅವರೇ ಹೇಳಿದರು. "ಅದು ಬಾಬುದು ಮಾಷ್ಟ್ರೆ. ನನ್ನ ತಮ್ಮ. ಬಲೆ ಬಿಡ್ಲಿಕ್ಕೆ ದೋಣಿಯಲ್ಲಿ ಹೋದವ ವಾಪಸ್ ಬರ್ಲಿಲ್ಲ. ಹಗ್ಗದಲ್ಲಿ ಮೂರನೇ ಜಾಗ ಅವನದ್ದು. ಆ ಎಳೆತ ಅವ ಎಳೀತಾನೆ. ನಾವು ಸುಮ್ಮನಿರುದು."

ಕಡಲು ತಾಯಿ, ಕೈಯ ಬಿಡಳು! ಭೂಮಿ ಬಾಯಿಬಿಡಬಾರದೇ ಎನಿಸಿತು. "ಮೊದ್ಲೇ ಒಂದು ಮಾತು ಹೇಳಬಾರದಿತ್ತಾ ಗೋವಿಂದಣ್ಣ?" ಎಂದೆ.

"ನೀವು ಕೇಳ್ಲಿಲ್ಲ ಅಲ್ವಾ ಮಾರಾಯ್ರೆ," ಎಂದರು. ಸಿಟ್ಟಿನಿಂದಲ್ಲ. ಗೊತ್ತಿಲ್ಲದಿದ್ದರೆ ಕೇಳಿ, ಕೇಳಿ ಎಂದು ಮೂವತ್ತು ವರ್ಷ ಮಕ್ಕಳ ತಲೆ ತಿಂದವನು ನಾನು.

ಮೂರು ಭಾನುವಾರ ನಾನು ಆ ಕಡೆ ತಲೆ ಹಾಕಲಿಲ್ಲ. ನನಗೆ ನೆಗಡಿ ಎಂದು ಮಗಳಿಗೆ ಹೇಳಿದೆ. ಇನ್ನು ಆ ಹಗ್ಗ ಮುಟ್ಟುವ ಯೋಗ್ಯತೆ ನನಗಿಲ್ಲ, ಅವರೂ ಕರೆಯುವುದಿಲ್ಲ ಎಂದೇ ತಿಳಿದಿದ್ದೆ. ನಾಲ್ಕನೇ ವಾರ ಫೋನ್ ಬಂತು. "ಎಂತ ಮಾಷ್ಟ್ರೆ, ಬಾಲ ಖಾಲಿ ಉಂಟು. ಬರುದಿಲ್ವಾ?"

ಹೋದೆ. ಆ ದಿನ ಎಲ್ಲರ ಹೆಸರು ಮುಗಿದ ಮೇಲೆ ಗೋವಿಂದಣ್ಣ ಇನ್ನೊಂದು ಎಳೆತ ಕೂಗಿದರು: "ಮಾಷ್ಟ್ರು ಎಳೆದ್ರು!" ಹಗ್ಗದಲ್ಲಿ ಬಹುವಚನ ಪಡೆದವನು ನಾನೊಬ್ಬನೇ. ಮಾತ್ರೆ ಹೆಚ್ಚಾಗಿ ಲಯ ಎಡವಿತು. ನಾನು ತಿದ್ದಲಿಲ್ಲ. ಕಣ್ಣು ತುಂಬಿತ್ತು, ತಿದ್ದುವುದೆಲ್ಲಿಂದ ಬಂತು?

ಈಗ ಆ ಕಟ್ಟಡಕ್ಕೆ ಇನ್ನೆರಡು ಮಹಡಿ ಎದ್ದು ಕಂಬಿಗಳೆಲ್ಲ ಗೋಡೆಯೊಳಗೆ ಸೇರಿವೆ. ಮೆಸ್ಸೂ ಇಲ್ಲ. ಗೋವಿಂದಣ್ಣ ಹುಳಿಮಾವಿನಲ್ಲಿ ಮಗನ ಮನೆಯಲ್ಲಿದ್ದಾರೆ.

ಬೀರಿನ ಕತೆಗೆ ಬರುತ್ತೇನೆ. ಒಬ್ಬ ಮೇಲೆ ನಿಂತಿದ್ದ, ಕೆಳಗೆ ಮೂವರು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆಯುತ್ತಿದ್ದರು. ಹೆಸರು ಕೇಳಿಕೊಂಡು ಹಗ್ಗದ ಬಾಲ ಹಿಡಿದೆ. ಮುನಿರಾಜು ಎಳೆದ, ಐಲೇಸಾ. ವೆಂಕಟ ಎಳೆದ, ಐಲೇಸಾ. ಮೂರನೆಯದಕ್ಕೆ ಸುಮ್ಮನಾದೆ. ಅವರು ಎಳೆಯಲಿಲ್ಲ, ಬೀರು ಅರ್ಧದಲ್ಲೇ ತೂಗಾಡಿತು. ನರೆತ ಮೀಸೆಯ ಮುನಿರಾಜು ಹಗ್ಗವನ್ನು ಗೇಟಿನ ಕಂಬಕ್ಕೆ ಸುತ್ತಿ ಹಿಡಿದು, "ಯಾಕ್ ಸಾರ್, ಮೂರ್ನೇದುಕ್ಕೆ ಕೂಗ್ಲಿಲ್ಲ?" ಎಂದರು.

ಕೇಳಿದರು ನೋಡಿ! ಒಂದೇ ನಿಮಿಷದಲ್ಲಿ. ಹೇಳಿದೆ. ಮುನಿರಾಜು ಮೇಲೆ ತೂಗಾಡುತ್ತಿದ್ದ ಬೀರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಸರಿ ಬುಡಿ, ಇನ್ನೊಂದ್ಸಲ ಶುರು ಮಾಡಿ" ಎಂದರು. ಈ ಸಲ ಮೂರನೆಯದಕ್ಕೆ ಯಾರೂ ಬಾಯಿ ತೆರೆಯಲಿಲ್ಲ. ಎಲ್ಲರೂ ಒಟ್ಟಿಗೇ ಎಳೆದರು.

ಬೀರು ಒಳಗೆ ಹೋದ ಮೇಲೆ, ಒಂದು ಕೈಯಲ್ಲಿ ಬೆನ್ನು ನೀವಿಕೊಳ್ಳುತ್ತ ಗೋವಿಂದಣ್ಣನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು ಒಂದೇ ಮಾತು ಕೇಳಿದರು.

"ಮೂರನೇದು?"

"ಖಾಲಿ ಬಿಟ್ಟೆ."

"ಹಾಂ," ಎಂದರು. "ಹಾಗಾದ್ರೆ ಬಾಬು ಎಳೆದಿರ್ತಾನೆ."